ಐದನೆಯ ಜೇಬು

ಕೌಲ್ ಬಜಾರಿನ ಹಿಂದಿನ ಗಲ್ಲಿ, ತಗಡಿನ ಮಾಡು,
ಹನ್ನೆರಡು ಮಷೀನಿಗೆ ಒಂದೇ ಫ್ಯಾನು.
ಕರೆಂಟು ಹೋದಾಗಲೇ ನಮಗೆ ಚಾ ಹೊತ್ತು.

ನಮ್ಮ ಕಾನೂನು ಎರಡೇ:
ಎಲ್ಲರಿಗೂ ಗೊತ್ತಿದ್ದದ್ದನ್ನ ಹೇಳಿದವರು ಚಾ ಕೊಡಿಸಬೇಕು,
ಸುಳ್ಳು ಹೇಳಿದವರು ಮಿರ್ಚಿ.
ತೀರ್ಪು ಹುಲಿಗೆಮ್ಮನ ಮಗಳದು,
ಹತ್ತನೇ ಕ್ಲಾಸು, ಮೊಬೈಲು ಅವಳ ಕೈಯಲ್ಲಿ.

ಗಾದಿಲಿಂಗ ಓವರ್‌ಲಾಕಿನವ, ಮಾತಿಗೂ ಅಂಚು ಹೊಡೆಯುವವ.
‘ಶುಕ್ರ ಗ್ರಹದಾಗ ಒಂದು ದಿನ
ಒಂದು ವರ್ಷಕ್ಕಿಂತ ಉದ್ದ ಅಂತೆ’ ಅಂದ.
ಹುಡುಗಿ ಹುಡುಕಿ ನೋಡಿ ಹೌದೆಂದಳು.
ಹುಲಿಗೆಮ್ಮ ದಾರ ಕತ್ತರಿಸುವ ಕತ್ತರಿ ಕೆಳಗಿಟ್ಟು ಕೇಳಿದಳು:
‘ಹಂಗಾದ್ರ ಅಲ್ಲಿ ವಾರದ ಬಟವಾಡೆ ಯಾವಾಗ?’

ಕಟಿಂಗ್ ಮಾಸ್ತರ ಶೇಕ್ಷಾವಲಿ ಒಂಟೆಯ ಡುಬ್ಬದಲ್ಲಿ ನೀರಿದೆ ಅಂದ.
ನೀರಲ್ಲ, ಕೊಬ್ಬು.
‘ನಮ್ಮ ಮಾವ ಒಂಟೆ ಸಾಕಿದ್ದ!’
ಸಾಕಿದ್ದನೇ ಹೊರತು ಒಳಗೆ ಇಳಿದು ನೋಡಿದ್ದನೇ?
ಐದು ಪ್ಲೇಟು ಮಿರ್ಚಿ ಬಂತು.
ತಿನ್ನುತ್ತಾ ಅದೇ ಹುಡುಗಿ ಹೇಳಿದಳು,
ಶಾಸ್ತ್ರದ ಲೆಕ್ಕದಲ್ಲಿ ಮೆಣಸಿನಕಾಯಿ ಕೂಡ ಒಂದು ಬೆರ್ರಿ,
ಸ್ಟ್ರಾಬೆರಿ ಅಲ್ಲ.
ಗಾದಿಲಿಂಗ ಕಣ್ಣೀರು ಒರೆಸಿಕೊಂಡು
ಇನ್ನೊಂದು ಬೆರ್ರಿ ಎತ್ತಿಕೊಂಡ.

ಎಲ್ಲೋ ಒಂದು ಪ್ರಾಣಿ ಚೌಕ ಚೌಕ ಲದ್ದಿ ಹಾಕುತ್ತದಂತೆ.
‘ಯಾವ ಮಾಸ್ತರ ಅದಕ್ಕ ಕಟಿಂಗು?’
ಎಲ್ಲರೂ ಶೇಕ್ಷಾವಲಿಯನ್ನು ನೋಡಿದೆವು.

ನಾನು ಜೇಬಿನವಳು.
ಮುಂದೆ ಎರಡು, ಹಿಂದೆ ಎರಡು,
ಬಲ ಜೇಬಿನೊಳಗೆ ಪಾಪದ್ದೊಂದು ಪುಟ್ಟ ಜೇಬು.
ಆರು ವರ್ಷ ಹೊಲಿದಿದ್ದೆ, ಇದು ಯಾಕೆಂದು ಕೇಳಿರಲಿಲ್ಲ.
‘ಗಡಿಯಾರಕ್ಕ’ ಅಂದ ಶೇಕ್ಷಾವಲಿ.
ಸುಳ್ಳು, ಮಿರ್ಚಿ, ಅಂತ ಕೂಗಿದೆವು.
ಮರುದಿನ ಅವರಜ್ಜನ ಸರಪಣಿ ಗಡಿಯಾರ ತಂದು
ನಾನೇ ಹೊಲಿದ ಬಾಯಿಗೆ ಇಳಿಬಿಟ್ಟ.
ಇಳಿಯಿತು.
ಇಸ್ತ್ರಿಯಾಗದ ಆ ನೀಲಿ ಪ್ಯಾಂಟು
ಮೇಜಿನ ಮೇಲೆ ಟಿಕ್ ಟಿಕ್ ಅನ್ನುತ್ತಾ ಮಲಗಿತ್ತು.
ಒಂದು ಹೊತ್ತು ಯಾರೂ ನಗಲಿಲ್ಲ.

ವನ್ನೂರಸ್ವಾಮಿ ಮಾತ್ರ
ಆವರೆಗೂ ಒಂದೂ ಹೇಳಿದವನಲ್ಲ.
ಗುಂಡಿ ಕೂರಿಸುತ್ತಾನೆ, ಚಾ ಕುಡಿಯುತ್ತಾನೆ, ಬಾಯಿ ಹೊಲಿದಂತೆ.
ಅವತ್ತು ಸೈಜಿನ ಚೀಟಿಯೊಂದರ ಹಿಂದೆ
ಬಾಲ್‌ಪೆನ್ನಿನಿಂದ ಎಂಟು ಕೈ ಬರೆದ, ಮೂರು ಹೃದಯ ಬರೆದ.
‘ಆಕ್ಟೋಪಸ್. ಈಜುವಾಗ ಒಂದು ನಿಂತುಬಿಡ್ತೈತೆ’ ಅಂದ ಮೆಲ್ಲಗೆ.
ಮೂವತ್ತೆರಡು ಸೈಜಿನ ಪ್ಯಾಂಟಿನ ಐದನೆಯ ಜೇಬಿಗೆ
ಚೀಟಿ ಮಡಚಿ ತುರುಕಿದ.
‘ಯಾರಿಗೆ?’
‘ತೊಟ್ಟವರಿಗೆ.’

ಅಲ್ಲಿಂದ ದಿನಕ್ಕೊಂದು.
ಚೌಕ ಲದ್ದಿ ಹೋಯಿತು, ಮೆಣಸಿನ ಬೆರ್ರಿ ಹೋಯಿತು,
ಒಂಟೆಯ ಕೊಬ್ಬು ಹೋಯಿತು, ಯಾವ ಯಾವ ಊರಿಗೋ.
ಓನರಿಗೆ ಗೊತ್ತಿಲ್ಲ.
ಗೊತ್ತಾದರೆ ಅವನೇ ಚಾ ಕೊಡಿಸಬೇಕು ಅಂತ ನಕ್ಕೆವು.

ಮೂರು ತಿಂಗಳಿಗೆ ಸೇಲಂನಿಂದ ವಾಪಸು ಬಂದ ಗಂಟು.
ಜಿಪ್ಪು ಸರಿಯಿಲ್ಲವಂತೆ.
ಬಿಚ್ಚುತ್ತಾ ಬಿಚ್ಚುತ್ತಾ ಹುಲಿಗೆಮ್ಮನ ಬೆರಳಿಗೆ
ಸಿಕ್ಕಿತು ಚೀಟಿ.
ಅದೇ ಎಂಟು ಕೈ. ಕೆಳಗೆ ಕೆಂಪು ಇಂಕಿನಲ್ಲಿ
ನಮ್ಮದಲ್ಲದ ಲಿಪಿಯ ಒಂದು ಸಾಲು.

ಚಾದಂಗಡಿಯ ಎದುರು ನಿಂತ ನಾಮಕ್ಕಲ್ ಲಾರಿಯ ಡ್ರೈವರು
ಕನ್ನಡಕ ಏರಿಸಿ ಓದಿದ,
ಚೀಟಿ ತಿರುವಿದ, ನಮ್ಮನ್ನು ನೋಡಿದ,
ಅರೆಬರೆ ಕನ್ನಡದಲ್ಲಿ ಹೇಳಿದ:
‘ಇದು ನನಗೆ ಮೊದಲೇ ಗೊತ್ತು, ಅಂತ ಬರೆದೈತೆ.’

ಕಾನೂನು ಕಾನೂನೇ.
ವನ್ನೂರಸ್ವಾಮಿ ಚಿಲ್ಲರೆ ಎಣಿಸಿದ,
ಒಂದು ಗ್ಲಾಸು ಹೆಚ್ಚಿಗೆ ಹೇಳಿದ.
ಖಾಲಿ ಸ್ಟೂಲಿನ ಮೇಲೆ ಅದು ಹೊಗೆಯಾಡುತ್ತಾ ಕೂತಿತು,
ಕೆನೆ ಕಟ್ಟಿತು.
ಕರೆಂಟು ಬಂತು.
ಒಳಗೆ ಹೋಗುವಾಗ ಗಾದಿಲಿಂಗ
ಯಾರೂ ನೋಡಿಲ್ಲವೆಂದುಕೊಂಡು
ಒಂದೇ ಗುಟುಕಿಗೆ ಅದನ್ನು ಕುಡಿದ.