ಬೆರಳು ತಗೋತಿಲ್ಲ

'ಬೆರಳು ತಗೋತಿಲ್ಲ' ಅಂದ ರೇಷನ್ ಅಂಗಡಿಯ ಹುಡುಗ.
ಹೆಬ್ಬೆಟ್ಟು ಆಯಿತು, ತೋರುಬೆರಳು ಆಯಿತು,
ಬಲಗೈ, ಎಡಗೈ,
ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ.
ಕೆಂಪು ದೀಪ.
'ಹತ್ತರಲ್ಲಿ ಒಂದೂ ನಂದಲ್ವಂತೆ, ನೋಡು ಪಿಳ್ಳಮ್ಮಾ'
ಜೈಬು ನನ್ನ ಕಡೆ ತಿರುಗಿ ನಕ್ಕಳು.

ನಲವತ್ತು ವರ್ಷ ಕುದಿನೀರಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು.
ಶಿಡ್ಲಘಟ್ಟದಲ್ಲಿ ನೂಲು ತೆಗೆದವರ ಬೆರಳೆಲ್ಲ ಹೀಗೇ,
ತುದಿ ಬಿಳಿಚಿ, ಗೆರೆ ಸವೆದು
ಒರಳಿನ ಗುಂಡಿನಷ್ಟು ನುಣುಪು.

ಯಂತ್ರಕ್ಕೆ ಗುರುತಿಲ್ಲದಿದ್ದರೆ ಬೇಡ.
ಎಡಗೈಯ ಆ ಸೊಟ್ಟ ಕಿರುಬೆರಳು
ಎರಡನೇ ಕ್ಲಾಸಿನ ಬಾಗಿಲ ಸಂದಿಗೆ ಸಿಕ್ಕಿದ್ದು.
ಬಾಗಿಲು ಎಳೆದವಳು ನಾನು.
ಅವಳೋ ಎಡಚಿ. ತಿಂಗಳೊಪ್ಪತ್ತು
ಅವಳ ಸ್ಲೇಟಿನಲ್ಲಿ ನಾನೇ ಬರೆದೆ:
ಮಗ್ಗಿ, ಕಾಗುಣಿತ, ಜೈಬುನ್ನಿಸಾ
(ಒತ್ತಕ್ಷರ ಪ್ರತಿಸಲವೂ ತಪ್ಪು).
ಶುರುವಾದದ್ದು ಹಾಗೆ, ತಪ್ಪಿಗೆ ದಂಡ ಕಟ್ಟುತ್ತ.

ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ
ಹಿಂದಿನ ಸಾಲಿಂದ 'ಪಿಲ್ಲಿ, ಪಿಲ್ಲಿ', ಆಮೇಲೆ ಮಿಯಾಂವ್.
ಅರ್ಧ ತೆಲುಗು ಮಾತಾಡುವ ಊರಲ್ಲಿ
ಮೊಮ್ಮಗಳಿಗೆ ಈ ಹೆಸರಿಟ್ಟ ಅಜ್ಜಿಗೆ
ಬೆಕ್ಕು ಹೊಳೆದಿರಲಿಲ್ಲ.
ಜೈಬು ಮಾತ್ರ ಮಿಯಾಂವ್ ಅನ್ನಲಿಲ್ಲ.
ಏಳು ವರ್ಷದವಳಿಗೆ ಅಷ್ಟು ಸಾಕು,
ಲೋಕದಲ್ಲಿ ಒಬ್ಬಳು ನಗದಿದ್ದರೆ ಸಾಕು.

ಹದಿನೈದಕ್ಕೆ ಅದು ಸಾಲಲಿಲ್ಲ.
ಬೇರೆ ಯಾರ ಜೊತೆಗೋ ಅವಳು ನಕ್ಕ ದಿನ
ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.
ನಿಜ ಹೇಳಲಾ, ಕಟ್ಟಿಕೊಂಡ ಗಂಡನ ಮೇಲೂ
ಅಷ್ಟು ಹೊಟ್ಟೆಕಿಚ್ಚು ಪಟ್ಟವಳಲ್ಲ ನಾನು.

ಆಮೇಲೆ ಹದಿನೇಳು ವರ್ಷ ಮಾತಿಲ್ಲ.
ಎರಡು ಬೀದಿ ಆಚೆ ಮನೆ.
ಚೀಟಿ ದುಡ್ಡು, ಎಂಟು ಸಾವಿರ,
ಕೊಟ್ಟೆ ಅಂದಳು, ಬಂದಿಲ್ಲ ಅಂದೆ.
ಯಾರದು ಸರಿ, ಇವತ್ತಿಗೂ ಗೊತ್ತಿಲ್ಲ.
ಮಕ್ಕಳ ಫೀಸು, ಅತ್ತೆಯ ಮಂಡಿನೋವು, ಬಡ್ಡಿ,
ಆ ವಯಸ್ಸಲ್ಲಿ ಗೆಳತಿಯನ್ನು ಕಳೆದುಕೊಳ್ಳುವುದು
ಮನೆಯೊಳಗೆ ಸೂಜಿ ಕಳೆದಷ್ಟು ಸುಲಭ.
ಹುಡುಕುವಷ್ಟು ಪುರುಸೊತ್ತಿಲ್ಲ,
ಬರಿಗಾಲಿಗೆ ಚುಚ್ಚಿದರೆ ನೆನಪು.

ಒಂದು ಸಲ ಚುಚ್ಚಿತು.
ಮಗಳ ಮದುವೆಯ ದಿನ ಛತ್ರದ ಎದುರು
ಕಡ್ಲೆಪುರಿ ಅಂಗಡಿಯ ಮರೆಯಲ್ಲಿ ನಿಂತಿದ್ದಳು,
ಏನೂ ಕೊಳ್ಳದೆ.
ನಾನು ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು.
ಕೈಯಲ್ಲಿದ್ದ ಅಕ್ಷತೆ ಬೆವರಿಗೆ ಅಂಟಿಕೊಂಡಿತು.
ಕರೆಯಲಿಲ್ಲ.

ನಮ್ಮವರು ಹೋಗಿ ನಲವತ್ತನೇ ದಿನಕ್ಕೆ ಬಂದಳು.
ಅದು ಅವರ ಲೆಕ್ಕ. ನಮ್ಮ ಲೆಕ್ಕ ಎಂದೋ ಮುಗಿದು
ನೆಂಟರ ಚೀಲಗಳೆಲ್ಲ ಬಸ್ಸು ಹತ್ತಿದ್ದವು.
ಕ್ಷಮೆ ಗಿಮೆ ಇಲ್ಲ. ಚೀಟಿಯ ಸುದ್ದಿಯಿಲ್ಲ.
ನೆಟ್ಟಗೆ ಅಡುಗೆಮನೆಗೆ ಹೋಗಿ, ಡಬ್ಬಿ ತೆಗೆದು,
'ಸಕ್ಕರೆ ಇನ್ನೂ ಇಲ್ಲೇ ಇಡ್ತೀಯಾ' ಅಂದಳು.
ಆಗ ಅತ್ತೆ ನೋಡಿ, ಹೆಣದ ಮುಂದೆ ಅಳದವಳು.

ಮುನ್ನೂರು ಮನೆಗೆ ಲಗ್ನಪತ್ರಿಕೆ ಹಂಚಿದ್ದೆವು ಅಂದು.
ಈಗ ಕದ ತಟ್ಟದೆ ಒಳಗೆ ಬರುವವರು
ಅವಳೊಬ್ಬಳು, ಆಚೆಮನೆ ಬೆಕ್ಕು ಇನ್ನೊಂದು.
ತೋಳುತುಂಬ ತಂದ ದಂಟಿನ ಸೊಪ್ಪು
ಬೇಯುತ್ತ ಬೇಯುತ್ತ ಹಿಡಿಯಷ್ಟಾಗುತ್ತದಲ್ಲ,
ಅದಕ್ಕೆ ಯಾರೂ ಅಳುವುದಿಲ್ಲ.

'ಓಟಿಪಿ ಹಾಕ್ತೀನಿ, ಮೊಬೈಲ್ ತಂದಿದೀರಾ ಅಜ್ಜಿ?'
ಹುಡುಗ ಒತ್ತಿದ.
ಗುಂಯ್ ಅಂದದ್ದು ನನ್ನ ಚೀಲ.
ನಮ್ಮವರ ನಂಬರು, ಅವರು ಹೋದಮೇಲೆ
ನಾನು ಇಟ್ಟುಕೊಂಡದ್ದು.
ಆಧಾರ್ ಮಾಡಿಸಿದ ವರ್ಷ ನಮಗೆ ಮಾತಿರಲಿಲ್ಲ.
ಜೈಬು ತಕ್ಕಡಿಯ ಮುಳ್ಳು ನೋಡುತ್ತ ಹೇಳಿದಳು:
'ನನ್ನ ಹತ್ರ ಫೋನೆಲ್ಲಿತ್ತು? ಬರೆಸಲೇಬೇಕು ಅಂದರು.
ನಿಮ್ಮ ಅಂಗಡಿ ಬೋರ್ಡಿನ ನಂಬರು
ದಿನಾ ನೋಡ್ತಿದ್ದೆ, ಬಾಯಿಗೆ ಬಂತು.'

ಆರು ಅಂಕಿ. ಓದಿ ಹೇಳಿದೆ. ಹಸಿರು ದೀಪ.
'ನೀವು ಇವರಿಗೆ ಏನಾಗಬೇಕು?'
ಹುಡುಗ ತಲೆಯೆತ್ತದೆ ಕೇಳಿದ.
ನಾನು ಪದ ಹುಡುಕುತ್ತಿದ್ದೆ.
ಅಕ್ಕಿಚೀಲದ ಒಂದು ಕಿವಿ ನನ್ನ ಕೈಗಿತ್ತು
ಇನ್ನೊಂದನ್ನು ಆ ಸೊಟ್ಟ ಬೆರಳಿಗೆ ಸಿಕ್ಕಿಸಿಕೊಂಡು
ಜೈಬು, ಅಂಗಡಿಗೆಲ್ಲ ಕೇಳುವಂತೆ,
ಐವತ್ತಾರು ವರ್ಷ ತಡವಾಗಿ
ಮಿಯಾಂವ್ ಅಂದಳು.