ಅಳತಿ ಬುಕ್ಕು

ಈ ಬುಕ್ಕಿನ್ಯಾಗ ಮೊದಲು ಬರೇ ಅಳತಿ ಇದ್ದವು.
ಖತೀಜಾಬಿ: ಎದಿ ಮೂವತ್ತಾರು, ತೋಳು ಒಂಬತ್ತು, ಕೊಳ್ಳ ಗುಂಡಗ.
ಶ್ರಾವಣ ಕಳದ ಮ್ಯಾಲೆ
ಹಿಂದಿನ ಹಾಳಿಗೆ ನೀಲಾಂಬಿಕಾನ ನಿದ್ದಿ ಬರಕೋತ ಹೋದೆ.

ಸೋಮವಾರ ಎರಡು ತಾಸು.
ಮಂಗಳವಾರ ಒಂದೂವರಿ.
ಬುಧವಾರ ಮಲಗಲೇ ಇಲ್ಲ, ಆದ್ರ
ಮುಂಜಾನಿ ಒಂದು ಆಕಳಿಕಿ ಇಲ್ಲ.
ಫರಸಿ ಮ್ಯಾಲೆ ನೀರು ಸುರುವಿ ಮನಿ ತೊಳದು,
ಓಣಿ ತೊಳದು, ಖತೀಜಾಬಿ ಕಟ್ಟಿನೂ ತೊಳದು
ನನ್ನ ಎಬ್ಬಿಸಿ ಅಂದಳು:
ಅವ್ವಾ, ಶಹಾಬಾದಿನ ಕಲ್ಲೆಲ್ಲ ನಾ ದುಬೈಗೆ ಮಾರತೀನಿ,
ಕಂಪನಿಗಿ ಹೆಸರು ಸುದ್ದಾ ಇಟ್ಟೀನಿ.

ನಾ ನಕ್ಕೆ. ಖರೇ ಹೇಳ್ತೀನಿ, ಹೆಮ್ಮಿನೂ ಆಯ್ತು.
ಹದಿನಾಲ್ಕರ ಹುಡುಗಿ, ಮಷೀನಿನ ಸೂಜಿಗಿಂತ ಚುರುಕು.
ಒಂದು ಮಾತಿನ ಅಂಚು ಮಡಿಚಿ ಹೊಲಿಯೂದ್ರಾಗ
ಮುಂದಿನ ನಾಕು ಮಾತು ಕತ್ತರಿಸಿ ಬಿದ್ದಿರತಿದ್ದವು.

ಡಬ್ಬಿಯೊಳಗಿನ ರೊಕ್ಕ ತಗೊಂಡು
ಇಡೀ ಕ್ಲಾಸಿಗೆ ಕಂಪಾಸ್ ಬಾಕ್ಸ್ ತಂದ ದಿನ
ಯಾಕ ಅಂತ ಕೇಳಿದ್ದಷ್ಟೇ,
ಕತ್ತರಿ ಹಾರಿ ಬಂದು ಬಾಗಿಲ ಚೌಕಟ್ಟಿಗಿ ನಟ್ಟಿತು.
ಆಮ್ಯಾಲೆ ಆಕೀನೇ ಕಿತ್ತಿಟ್ಟಳು, ಹಾಡಕೋತ.
ಆ ಗುರುತು ಇನ್ನೂ ಅದ. ಬಟ್ಟ ಇಟ್ಟು ನೋಡ್ತೀನಿ.

ದೀಪಾವಳಿ ಹೊತ್ತಿಗೆ:
ಹದಿಮೂರು ತಾಸು. ಹದಿನಾಕು.
ಎದ್ದರೂ ಎದ್ದಂಗಿಲ್ಲ.
ಜಡಿ ಎಂಟು ದಿನದ್ದು, ಬಿಚ್ಚಾಕ ಹೋದ್ರ
ಮಾರಿ ಗ್ವಾಡಿಗಿ ತಿರುಗತದ.
ಬಿಸಿರೊಟ್ಟಿ ತಾಟಿನ್ಯಾಗೇ ಖಡಕ್ ಆಗತದ.
ಹೊಟ್ಟಿ ನೋವು ಅಂತಾಳ, ಎಲ್ಲಿ ತೋರಿಸು ಅಂದ್ರ
ಇಡೀ ಮೈ ಮ್ಯಾಲೆ ಕೈ ಆಡಿಸ್ತಾಳ.

ಗಾಳಿ ಅದ, ತಾಯತ ಕಟ್ಟಸು ಅಂದಳು ನೆಗೆಣ್ಣಿ.
ವಯಸ್ಸು ಅಂದರು. ಮೊಬೈಲು ಅಂದರು.
ಅಪ್ಪ ಇಲ್ಲದ ಕೂಸು, ಸಲಗಿ ಹೆಚ್ಚಾಗ್ಯಾದ ಅಂದರು.
ಶಿವಲೀಲಾ ಟೀಚರ್ ಮಾತ್ರ ಮನಿತನಕ ಬಂದು
ಚಪ್ಪಲಿ ಬಿಡದೇ ಬಾಗಲಾಗ ನಿಂತು ಕೇಳಿದರು:
ಆಗಸ್ಟಿನ್ಯಾಗ ಬೋರ್ಡಿನ ಮುಂದ ನನಗೇ ಪಾಠ ಹೇಳತಿದ್ದಳು,
ಈಗ ಹಾಜರಿಗಿ ಉಸಿರು ಸುದ್ದಾ ಇಲ್ಲ.
ಇಬ್ಬರೂ ಒಬ್ಬಾಕೆನೇ ಏನ್ರಿ?

ಇಬ್ಬರೂ ಒಬ್ಬವನೇ.
ನನ್ನ ತಮ್ಮ ಬಂಡೆಪ್ಪ ನೆನಪಾದ.
ಒಂದು ತಿಂಗಳು ಮೂರು ಸೈಕಲ್ ತಂದು ಓಣಿಗಿ ಹಂಚಿದವ,
ಮುಂದಿನ ಬ್ಯಾಸಗಿ ಪೂರ್ತಿ ಹೊರಸಿನ ಮ್ಯಾಲೆ ಗ್ವಾಡಿ ನೋಡಿದವ.
ಹುಚ್ಚಾಟ ಅಂದಿದ್ವಿ, ಆಮ್ಯಾಲೆ ಮೈಗಳ್ಳ ಅಂದಿದ್ವಿ.
ವಾಡಿ ಸ್ಟೇಷನ್ನಿಗೆ ಹೋದವ ಬರಲಿಲ್ಲ.
ಅವನ ನಿದ್ದಿ ಯಾರೂ ಬರದಿಟ್ಟಿರಲಿಲ್ಲ.

ಆ ರಾತ್ರಿ ನೀಲಾ ಕೇಳಿದಳು, ಮೆಲ್ಲಕ:
ನಾ ಇರದಿದ್ರ ನಿನ್ನ ಕೆಲಸ ಹಗುರ ಆಗತದಲ್ಲ, ಅವ್ವಾ?
ಅದನ್ನ ಬರಕೊಳ್ಳಲಿಲ್ಲ. ಬರಿಯೂ ಹಂಗ ಇರಲಿಲ್ಲ.
ಇಲ್ಲ ಮಗಳೇ ಅಂದೆ. ನಾಕು ಸಲ ಅಂದೆ.
ಕತ್ತರಿ, ಬ್ಲೇಡು, ಇಲಿ ಪಾಷಾಣ ಟ್ರಂಕಿಗಿ ಹಾಕಿ
ಕೀಲಿ ಸೆರಗಿಗಿ ಕಟಗೊಂಡು
ಬೆಳಗಿನ ತನ ಆಕಿ ಕಾಲ ಹತ್ರ ಕುಂತು
ಖತೀಜಾಬಿ ಅರಬಿ ಹಲ್ಲಿನ್ಯಾಗ ಹರದೆ.

ಮುಂಜಾನಿ ಮೊದಲ ಗಾಡಿಗೇ ಹೋದಿವಿ.
ಕಲಬುರಗಿ ದೊಡ್ಡ ದವಾಖಾನಿ, ಹನ್ನೆರಡನೇ ಖೋಲಿ.
ಡಾಕ್ಟರಮ್ಮ ಮೊದಲು ಆಕೀನ ಒಬ್ಬಾಕೀನೇ ಮಾತಾಡಿಸಿದಳು,
ಭಾಳ ಹೊತ್ತು.
ಆಮ್ಯಾಲೆ ನನಗ: ಎಷ್ಟು ದಿನ? ಎಷ್ಟು ತಾಸು?
ಮನ್ಯಾಗ ಮೊದಲು ಯಾರಿಗರೆ?
ಬಾಯಿ ಒಣಗಿತ್ತು. ಬುಕ್ಕು ಕೊಟ್ಟೆ.
ಒಂದು ಕಡಿ ಎದಿ, ತೋಳು, ಕೊಳ್ಳ,
ಇನ್ನೊಂದು ಕಡಿ ನನ್ನ ಮಗಳು.
ಆಕಿ ಹಾಳಿ ತಿರುವಿದಂಗೆಲ್ಲ ಬೆರಳು ನಿಧಾನ ಆಯ್ತು.
ಇದಕ್ಕ ಹೆಸರು ಇವತ್ತೇ ಇಡೂದು ಬ್ಯಾಡ, ಅಂದಳು,
ಆದ್ರ ಇವತ್ತೇ ಕೈಬಿಡೂದೂ ಬ್ಯಾಡ.
ಗುಳಿಗಿ ತಪ್ಪಿಸಬ್ಯಾಡ್ರಿ. ಬರಿಯೂದೂ.

ಮನಿಗೆ ಬಂದ ನಾಕನೇ ದಿನ
ಬ್ಲೌಜಿನ ಅಳತಿ ಹುಡುಕೂದ್ರಾಗ
ಆಕೀ ಅಕ್ಷರ ಕಂಡವು, ಪೆನ್ಸಿಲಿನವು, ಸೊಟ್ಟ:

ನೀಲಾ: ಏಳು ತಾಸು.
ಅವ್ವ: ಎರಡು.