ಬಲಗಡೆ ಮುಂದಿನದು

ಮೊದಲು ರಸ್ತೆಯದೇ ಸದ್ದು ಅಂದುಕೊಂಡೆ.
ಸೊಹಾರ್ ದಾಟಿ ಶಿನಾಸ್ ಕಡೆಗೆ ಹೋಗುವಾಗ
ಅರುವತ್ತಕ್ಕೆ ಶುರು, ಎಂಬತ್ತಕ್ಕೆ ದನಿ ಏರಿ
ನೂರಕ್ಕೆ ಕಲ್ಲು ತಾಗಿದ ಜೇನುಗೂಡು.
ಗಾಜು ಏರಿಸಿದೆ, ರೇಡಿಯೊ ಆರಿಸಿದೆ,
ಜುಲೈ ತಿಂಗಳ ನಡುಮಧ್ಯಾಹ್ನ ಎಸಿಯನ್ನೂ ಆರಿಸಿ
ಬೆವರುತ್ತಾ ಕೇಳಿದೆ.
ಗುಂಯ್.
ಎಡಗಡೆ, ನನ್ನ ಪಾದದ ಮಗ್ಗುಲಲ್ಲೇ.
ಆಣೆಯಿಟ್ಟು ಹೇಳುತ್ತಿದ್ದೆ.

ಹೇಳುವ ಹಕ್ಕೂ ಇದೆ; ಕಿವಿಯೇ ನನ್ನ ಕಸುಬು.
ಆಸ್ಪತ್ರೆಯ ಎರಡನೇ ಮಹಡಿ, ಸದ್ದು ನುಗ್ಗದ ಪೆಟ್ಟಿಗೆ.
ಗಾಜಿನಾಚೆ ಒಬ್ಬೊಬ್ಬರನ್ನೇ ಕೂರಿಸಿ
'ಕುಂಯ್ ಅಂದಾಗ ಗುಂಡಿ ಒತ್ತಿ' ಅನ್ನುತ್ತೇನೆ,
ಅರಬಿಯಲ್ಲಿ, ಮಲಯಾಳದಲ್ಲಿ, ಬರೀ ಕೈಸನ್ನೆಯಲ್ಲಿ.
ಹಾಳೆಯ ಗೆರೆ ಬಲಕ್ಕೆ ಹೋಗುತ್ತಾ ಕುಸಿದರೆ
ಕುಳಿತವನು ಸುತ್ತಿಗೆಯವನು. ಕೇಳಬೇಕಾಗಿಲ್ಲ.

ಸನಾಯಿಯ ಮೂರನೇ ಓಣಿ, ಶೀನ ಮರಕಾಲರ ಗ್ಯಾರೇಜು.
ಗಂಗೊಳ್ಳಿಯಲ್ಲಿ ಬೋಟಿನ ಇಂಜಿನ್ ಬಿಚ್ಚಿ ಕಲಿತವರು,
ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷ.
ಪಕ್ಕದ ಶೆಡ್ಡಿನಲ್ಲಿ ಗುಲ್‌ಜಾದಾ ಬಾಗಿಲೊಂದರ ನೆಗ್ಗು ಬಡಿಯುತ್ತಿದ್ದ;
ಪ್ರತಿ ಏಟಿಗೂ ನನ್ನ ಹಲ್ಲು ಜುಮ್ಮೆಂದಿತು,
ಅವರ ರೆಪ್ಪೆ ಅಲುಗಲಿಲ್ಲ.

'ಎಂತ ಶಬ್ದ ಅಂಬ್ದು ಮೇಡಂ?
ಬ್ರೇಕ್ ಒತ್ರೆ ನಿಲ್ಲತ್ತಾ?
ತಿರ್ಗುವತಿಗೆ ಕಟಕಟ ಅಂತ್ತಾ?'
ನಾನು ದಿನವೂ ಕೇಳುವ ಪ್ರಶ್ನೆಗಳೇ:
ಯಾವಾಗಿನಿಂದ, ಯಾವ ಕಡೆ, ಏನು ಮಾಡುವಾಗ.
ಉತ್ತರ ಹೇಳುವಷ್ಟು ಹೊತ್ತೂ
ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

ಪಕ್ಕದ ಸೀಟಿಗೆ ಬಂದು ಕೂತರು, ಚಪ್ಪಲಿ ಕಳಚಿದರು.
ಬರಿಗಾಲು ತಳಕ್ಕೆ, ಅಂಗೈ ಬಾಗಿಲಿಗೆ.
'ರೌಂಡಬೌಟಿಗೆ ಹೋಯ್ಕ್. ಮೂರು ಸುತ್ತ್.'
ಸುತ್ತು ಎಡಕ್ಕೆ ಬಾಗುವಷ್ಟು ಹೊತ್ತೂ ನರಳಾಟ,
ಹೊರಬರಲು ಬಲಕ್ಕೆ ಎಳೆದೊಡನೆ
ಬಾಯಿ ಮುಚ್ಚಿದ ಹಾಗೆ.
ಇಷ್ಟು ದಿನ ಇದೇ ದಾರಿ,
ಗಮನಿಸಿಯೇ ಇರಲಿಲ್ಲ.

'ಬಲಗಡೆ ಮುಂದಿಂದ್. ಬೇರಿಂಗ್ ಹೋಯ್ತ್.'
ಎಡಗಡೆ ಕೇಳುತ್ತಲ್ಲ?
'ಎಡಕ್ಕೆ ತಿರ್ಗ್ರೆ ಭಾರ ಬಲಕ್ಕೆ ಬೀಳತ್ತ್,
ಭಾರ ಬಿದ್ದ ಬದಿಯಂಗೆ ನರಳತ್ತ್.
ಶಬ್ದ ತಗಡಲ್ಲಿ ಓಡಾಡತ್ತ್ ಮೇಡಂ,
ಅದ್ರ ಮಾತ್ ನಂಬುಕಾಗ.'

ಜಾಕಿನ ಮೇಲೆ ಗಾಲಿ ಎತ್ತಿ
ಒಂದು ಕೈ ಸ್ಪ್ರಿಂಗಿನ ಸುರುಳಿಗೆ, ಒಂದು ಕೈಯಲ್ಲಿ ಗಾಲಿ ತಿರುಗಿಸಿ
ಕಣ್ಣು ಮುಚ್ಚಿದರು.
ಅಪ್ಪ ಹೀಗೇ ಹುಟ್ಟನ್ನು ನೀರಿಗಿಳಿಸಿ
ಹಿಡಿಯ ತುದಿಗೆ ಕಿವಿಯಾನಿಸಿ ಮೀನು ಹುಡುಕುತ್ತಿದ್ದರಂತೆ.
ಆಮೇಲೆ ನನಗೆ: 'ಮುಟ್ಟಿ ಕಾಣಿ.'
ಮುಟ್ಟಿದೆ. ಉಕ್ಕಿನೊಳಗೆ ಯಾರೋ
ಒಣ ರವೆ ಬೀಸುತ್ತಿದ್ದರು.

ಅವರು ಬೋಲ್ಟಿಗೆ ಬಾಗಿದ್ದಾಗ
ಹಿಂದಿನಿಂದ ಕರೆದೆ, ಶೀನಣ್ಣಾ.
ಇನ್ನೊಮ್ಮೆ.
ಕಸುಬಿನ ಕೆಟ್ಟ ಬುದ್ಧಿ,
ಬೆನ್ನ ಹಿಂದೆಯೇ ಬೀಗದ ಕೈ ಗೊಂಚಲು ಕಿಣಿಗುಟ್ಟಿಸಿದೆ.
ಒಳಗೆ ಹಾಳೆ ತಾನಾಗಿ ಬಿಚ್ಚಿಕೊಂಡಿತು,
ಗೆರೆ ಬಲಕ್ಕೆ ಹೋಗುತ್ತಾ ಕುಸಿಯಿತು.

'ಒಂದು ದಿನ ಬನ್ನಿ, ಪರೀಕ್ಷೆ ಮಾಡುತ್ತೇನೆ, ದುಡ್ಡು ಬೇಡ.'
ಬಟ್ಟೆಯ ಚಿಂದಿಯಲ್ಲಿ ಬೆರಳು ಬೆರಳೂ ಒರೆಸಿಕೊಂಡರು.
'ಬರ್ದ್ ಇಡ್ತ್ರ್ಯಾ?'
ಬರೆಯಲೇಬೇಕು.
'ಹಾಂಗಾರೆ ಬ್ಯಾಡ. ಮುಂದಿನ ತಿಂಗ್ಳ್ ವೀಸಾ ರಿನ್ಯೂ.'
ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದೆ.
ಅವರು ತಿರುಗಿ ಗಾಲಿಯ ಕಡೆ ನೋಡುತ್ತಿದ್ದರು.

ಜಪಾನಿನ ಬೇರಿಂಗಿಗೆ ಹನ್ನೊಂದು ರಿಯಾಲ್, ಕೂಲಿ ಮೂರು.
ಗುಲ್‌ಜಾದಾ ತಂದುಕೊಟ್ಟ ಕರಕ್ ಚಹಾದಲ್ಲಿ ಏಲಕ್ಕಿ ಜಾಸ್ತಿ.
ಹಳೆಯ ಬೇರಿಂಗನ್ನು ಕಾಗದದಲ್ಲಿ ಸುತ್ತಿ ಕೊಟ್ಟರು,
ಎಲ್ಲರಿಗೂ ಕೊಡುತ್ತಾರಂತೆ,
ಮೋಸ ಇಲ್ಲ ಎಂದು ತೋರಿಸಲು.

ವಾಪಸಾಗುವಾಗ ಎಂಬತ್ತು, ನೂರು. ಸುಮ್ಮನಿತ್ತು.
ರೌಂಡಬೌಟಿನಲ್ಲಿ ಬೇಡದಿದ್ದರೂ ಒಂದು ಸುತ್ತು ಹೆಚ್ಚು ಹೊಡೆದೆ,
ಎಡಗಾಲಿನ ಚಪ್ಪಲಿ ಕಳಚಿ, ಪಾದ ತಳಕ್ಕೊತ್ತಿ.
ಏನೂ ಇಲ್ಲ.
ಸೀಟಿನಡಿಯ ಖಾಲಿ ನೀರಿನ ಬಾಟಲಿ ಮಾತ್ರ
ಸದ್ದಿಲ್ಲದೆ ಬಲಕ್ಕೆ ಉರುಳಿತು.